ಅಕ್ಕಕ್ಕನ ನೆಗೆಟಿವ್

"ನೆಗೆಟಿವ್ ಬೇಡ ಅಂಕಲ್, ಬಿಸಾಡಿ."

ಈ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ನೆಗೆಟಿವ್ ಬೇಡ ಅಂತಾದರೆ ಫಿಲ್ಮ್ ಯಾಕೆ ಮಾರಾಯ್ರೇ? ಫೋನಿನಲ್ಲೇ ತೆಗೆದು ಸಾಯಿರಿ! ಕೋಡಂಬಾಕ್ಕಂನಲ್ಲಿ ಈ ಲ್ಯಾಬ್ ಇಟ್ಟು ನನಗೆ ಮೂವತ್ತೆಂಟು ವರ್ಷ ಆಯಿತು. ನಡುವೆ ಹತ್ತು ವರ್ಷ ಒಂದು ನರಪಿಳ್ಳೆಯೂ ಮೆಟ್ಟಿಲು ಹತ್ತಲಿಲ್ಲ. ಫಿಲ್ಮ್ ತೊಳೆಯುವ ಹೈಪೋ ಮಾರುತ್ತಿದ್ದವರೆಲ್ಲ ಮೊಬೈಲಿನ ಕವರ್ ಮಾರಲಿಕ್ಕೆ ಶುರು ಮಾಡಿದರು. ಈಗ ನೋಡಿದರೆ ಕಾಲೇಜಿನ ಮಕ್ಕಳು ಅಜ್ಜನ ಕ್ಯಾಮೆರಾ ಕುತ್ತಿಗೆಗೆ ಹಾಕಿಕೊಂಡು ಸಾಲು ನಿಲ್ಲುತ್ತಾರೆ. ರೋಲಿಗೆ ಚಿನ್ನದ ರೇಟು, ಅದೂ ಡೇಟ್ ಮುಗಿದದ್ದು. ಡೆವಲಪರ್ ಪುಡಿ ಬೇಕಾದರೆ ಮುಂಬಯಿಗೆ ಫೋನು ಮಾಡಿ ತಿಂಗಳುಗಟ್ಟಲೆ ಕಾಯಬೇಕು. ಅಷ್ಟು ಮಾಡಿ ನಾನು ಕತ್ತಲೆಯಲ್ಲಿ ನಿಂತು ತೊಳೆದು ಒಣಗಿಸಿದರೆ ಇವರಿಗೆ ಬೇಕಾದದ್ದು ಸ್ಕ್ಯಾನ್ ಮಾತ್ರ. ಲಿಂಕ್ ಕಳಿಸಿದರೆ ಮುಗಿಯಿತು. ಮೊನ್ನೆ ಒಬ್ಬ ಬಂದು, "ಪ್ರಿಂಟ್ ತುಂಬ ಕ್ಲೀನಾಗಿದೆ ಅಂಕಲ್, ಸ್ವಲ್ಪ ಗೀರು ಬೀಳುವ ಹಾಗೆ ಮಾಡಿ," ಅಂದ. ಜನ್ಮವಿಡೀ ಗೀರು ಬೀಳದ ಹಾಗೆ ಕೆಲಸ ಮಾಡಿದವನ ಹತ್ತಿರ! ಅವನನ್ನು ಮೆಟ್ಟಿಲಿನಿಂದ ಕೆಳಗೆ ಇಳಿಸಿಯೇ ಬಾಗಿಲು ಹಾಕಿದೆ.

ಅಶ್ವಿತಾ ಇಂಥವರಲ್ಲೇ ಒಬ್ಬಳು. ಆದರೆ ಅವಳು ಅಕ್ಕಕ್ಕನ ಮೊಮ್ಮಗಳು.

ಅಕ್ಕಕ್ಕ ಅಂದರೆ ಅಕ್ಕು ಅಕ್ಕ, ನಮ್ಮ ಪುತ್ತೂರು ಕಡೆಯವರು. ಪೆರಂಬೂರಿನಲ್ಲಿ ರೈಲ್ವೆ ವರ್ಕ್‌ಶಾಪಿನ ಹತ್ತಿರ ಅವರ ಯಜಮಾನರ ಹೋಟೆಲು. ನಾನು ಊರಿನಿಂದ ಬಂದು ಕೆಲಸ ಸಿಗದೆ ಅಲೆಯುವಾಗ ಮೂರು ತಿಂಗಳು ಹಿಂದಿನ ಬಾಗಿಲಲ್ಲಿ ಕೂರಿಸಿ ಊಟ ಹಾಕಿದವರು. "ಮೋನಪ್ಪಾ, ಅನ್ನ ಜಾಸ್ತಿ ತಿನ್ನು, ಸಿಟ್ಟು ಕಡಿಮೆ ಮಾಡು," ಅಂತ ದಿನಾ ಒಂದೇ ಮಾತು. ಫೋಟೋ ಅಂದರೆ ಅವರಿಗೆ ಆಗುತ್ತಿರಲಿಲ್ಲ. ನಾನು ಕ್ಯಾಮೆರಾ ಎತ್ತಿದರೆ ಸಾಕು, ಹಿಟ್ಟಿನ ಕೈಯನ್ನೇ ಮುಖಕ್ಕೆ ಅಡ್ಡ ಹಿಡಿಯುವರು. ಇಷ್ಟು ವರ್ಷದಲ್ಲಿ ಒಂದೇ ಒಂದು ಫೋಟೋ ನನಗೆ ಸಿಗಲಿಲ್ಲ.

ನಾಲ್ಕು ತಿಂಗಳ ಹಿಂದೆ ಅಶ್ವಿತಾ ಒಂದು ಕಪ್ಪು-ಬಿಳುಪು ರೋಲ್ ತಂದು ಕೊಟ್ಟಳು. ತೊಳೆದು ನೋಡಿದರೆ ಆರು ಫ್ರೇಮಿನ ಒಂದು ತುಂಡು ಪೂರ್ತಿ ಅಕ್ಕಕ್ಕ! ಐದರಲ್ಲಿ ಕೈ ಅಡ್ಡ. ಆರನೆಯದರಲ್ಲಿ ಕೈ ಇಳಿದಿದೆ, ಬಾಯಿ ತುಂಬ ನಗು. ಸುಳ್ಳು ಯಾಕೆ ಹೇಳಲಿ, ನನಗೆ ಕಣ್ಣು ತುಂಬಿತು. ಹುಡುಗಿಗೆ ಫೋನು ಮಾಡಿದೆ, ನೆಗೆಟಿವ್ ತೆಗೆದುಕೊಂಡು ಹೋಗು ಮಗಾ ಅಂತ. ಮೂರು ಸಲ ಮಾಡಿದೆ. ಮೂರನೇ ಸಲ ಅವಳು, "ಸ್ಕ್ಯಾನ್ ಇರುಕ್ಕೇ ಅಂಕಲ್, ಅದು ಪೋದುಂ. ನೆಗೆಟಿವ್ ಬಿಸಾಡಿ," ಅಂದುಬಿಟ್ಟಳು. ಸ್ಕ್ಯಾನ್ ಇದೆಯಲ್ಲ, ಅಷ್ಟೇ ಸಾಕಂತೆ.

ಅದೇ ಹೊತ್ತಿಗೆ ಬೇಬಿ ಬಂದಳು. ಹಳೆ ಎಕ್ಸ್‌ರೇ, ನೆಗೆಟಿವ್ ಎಲ್ಲ ಒಟ್ಟು ಮಾಡಿ ಅದರಿಂದ ಬೆಳ್ಳಿ ತೆಗೆಯುವವರಿಗೆ ಕೊಡುವ ಹೆಂಗಸು. ಶುಕ್ರವಾರ ಪಲ್ಲಾವರಂ ಸಂತೆಯಲ್ಲಿ ಗುಜರಿ ಹರವಿಕೊಂಡು ಕೂರುತ್ತಾಳೆ. ಯಾರೂ ಬಂದು ಕೊಂಡುಹೋಗದ ನೆಗೆಟಿವ್ ಇಟ್ಟ ಕಪಾಟು ತೆರೆದು, ಇದ್ದಬದ್ದದ್ದೆಲ್ಲ ಅವಳ ಚೀಲಕ್ಕೆ ಸುರಿದೆ. ಅಕ್ಕಕ್ಕನ ತುಂಡೂ ಹೋಯಿತು. ಅದೊಂದನ್ನು ತೆಗೆದಿಡಬಹುದಿತ್ತು. ಇಡಲಿಲ್ಲ.

ಕಳೆದ ಗುರುವಾರ ಅಶ್ವಿತಾ ಬಂದು ಮೆಟ್ಟಿಲ ಮೇಲೆ ನಿಂತಳು, ಕಣ್ಣು ಕೆಂಪು. "ಅಜ್ಜಿ ಹೋಗಿ ಹತ್ತು ದಿನ ಆಯ್ತು ಅಂಕಲ್. ಭಾನುವಾರ ಉತ್ತರಕ್ರಿಯೆ. ಫೋಟೋ ಇಲ್ಲ." ಲಿಂಕು ಯಾವಾಗಲೋ ಮುಗಿದಿತ್ತು, ನಾನು ಎರಡು ತಿಂಗಳ ಮೇಲೆ ಸ್ಕ್ಯಾನ್ ಇಡುವವನಲ್ಲ. ಅವಳ ಫೋನಿನಲ್ಲಿ ಇದ್ದದ್ದು ಹೆಬ್ಬೆರಳಿನಷ್ಟು ಚಿತ್ರ, ದೊಡ್ಡದು ಮಾಡಿದರೆ ಬರೀ ಚೌಕ ಚೌಕ. "ನೆಗೆಟಿವ್ ಇದೆಯಲ್ಲಾ ಅಂಕಲ್?"

ನನಗೆ ಸಾವಿನ ಸುದ್ದಿಯೇ ಗೊತ್ತಿರಲಿಲ್ಲ. ಬಾಯಿಗೆ ಬಂದ ಹಾಗೆ ಬೈದೆ. "ಬಿಸಾಡಿ ಅಂದವಳು ಯಾರು? ಅಜ್ಜಿಯನ್ನೂ ಲಿಂಕಿನಲ್ಲಿ ಕಳಿಸುತ್ತಾರೆ ಅಂತ ತಿಳಿದಿದ್ದೀಯಾ? ಎಂತ ಮಕ್ಕಳು ನೀವು, ಥೂ!" ಅವಳು ಅಳುತ್ತ ಕೇಳಿಸಿಕೊಂಡಳು. ಕಡೆಗೆ, "ನಿಜವಾಗಿ ಬಿಸಾಡಿದ್ರಾ?" ಅಂದಳು. ಬೇಬಿಯ ಚೀಲಕ್ಕೆ ಸುರಿದದ್ದನ್ನು ಹೇಳಿದೆ.

ಮರುದಿನ ಬೆಳಿಗ್ಗೆ ಇಬ್ಬರೂ ಪಲ್ಲಾವರಂಗೆ ಹೋದೆವು. ದಾರಿಯುದ್ದಕ್ಕೂ ನನಗೆ ಒಂದೇ ಹೆದರಿಕೆ, ಅಕ್ಕಕ್ಕ ಈಗಾಗಲೇ ಬೆಳ್ಳಿ ತೆಗೆಯುವವರ ಆ್ಯಸಿಡ್‌ಗೆ ಬಿದ್ದು ಕರಗಿ ಹೋಗಿರಬಹುದಾ ಅಂತ.

ಬೇಬಿಯ ಜಾಗದಲ್ಲಿ ಬಿದಿರಿನ ಗಳಕ್ಕೆ ಲ್ಯಾಂಪ್‌ಶೇಡಿನ ಹಾಗಿನ ಎಂಟು ದೀಪದ ಬುಟ್ಟಿಗಳು ನೇತಾಡುತ್ತಿದ್ದವು. ಹತ್ತಿರ ಹೋದರೆ, ಅಯ್ಯೋ ದೇವರೇ, ಅಷ್ಟೂ ನೆಗೆಟಿವ್! ತುಂಡು ತುಂಡು ಜೋಡಿಸಿ, ಎರಡೂ ತುದಿಗೆ ತೂತು ಹೊಡೆದು, ಪಿನ್ನು ಬಿಗಿದಿದ್ದಾರೆ. ಒಳಗೊಂದು ಬಲ್ಬು. ಮದುವೆ, ಮಗು, ಬೀಚು, ನನ್ನ ಕೈಯಿಂದ ತೊಳೆದ ಮುಖಗಳೆಲ್ಲ ಅಲ್ಲಿ ಅಲಂಕಾರಕ್ಕೆ ಕೊಳ್ಳುವ ಕಾಫಿ ಶಾಪಿನವರ ರೇಟಿಗೆ ಕಾದು ನೇತಾಡುತ್ತಿವೆ.

"ಯಾರ ಅಪ್ಪನ ಮನೆ ಸೊತ್ತು ಅಂತ ತೂತು ಹೊಡೆದೆ?" ಅಂತ ಕಿರುಚಿದೆ. ಸಂತೆಯೇ ತಿರುಗಿ ನೋಡಿತು.

ಬೇಬಿ ಎಲೆಯಡಿಕೆ ಉಗಿದು ಬಂದು ಹೇಳಿದಳು, "ನೀಂಗ ತಾನೇ ಸಾರ್ ಕುಡುತ್ತೀಂಗ?" ನೀವೇ ಅಲ್ವಾ ಸಾರ್ ಕೊಟ್ಟದ್ದು?

ಹೌದು, ನಾನೇ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದಾ?

ಒಂದೊಂದೇ ಬುಟ್ಟಿಯನ್ನು ಬಿಸಿಲಿಗೆ ಹಿಡಿದು ಹುಡುಕಿದೆವು. ಅಶ್ವಿತಾಳಿಗೆ ನೆಗೆಟಿವ್ ನೋಡಲು ಬರುವುದಿಲ್ಲ. "ಬಿಳಿ ಕೂದಲು ಹುಡುಕಬೇಡ ಮಾರಾಯ್ತಿ, ಇದರಲ್ಲಿ ಅದು ಕಪ್ಪು. ಕಪ್ಪು ಕೂದಲಿನ ಅಜ್ಜಿಯನ್ನು ಹುಡುಕು," ಅಂದೆ. ಐದನೇ ಬುಟ್ಟಿಯಲ್ಲಿ ಅವಳೇ ಕೂಗಿದಳು.

ಪಿನ್ನು ಬಿಚ್ಚಿ ತುಂಡನ್ನು ಆಕಾಶಕ್ಕೆ ಹಿಡಿದೆ. ತೂತು ಬಿದ್ದದ್ದು ಎರಡು ತುದಿಗೆ, ಮೊದಲನೇ ಫ್ರೇಮಿಗೆ ಮತ್ತು ಆರನೆಯದಕ್ಕೆ. ಆ ನಗು ಇದ್ದ ಜಾಗದಲ್ಲಿ ಪಲ್ಲಾವರಂನ ಆಕಾಶ ಕಾಣುತ್ತಿತ್ತು. ಅಶ್ವಿತಾ ಅಲ್ಲೇ ಮಣ್ಣಿನಲ್ಲಿ ಕುಕ್ಕರಿಸಿದಳು. ಈ ಸಲ ನಾನು ಬೈಯಲಿಲ್ಲ. ಯಾವ ಮುಖ ಇಟ್ಟುಕೊಂಡು ಬೈಯಲಿ?

ಉಳಿದ ನಾಲ್ಕರಲ್ಲಿ ಐದನೆಯದನ್ನು ಆರಿಸಿದೆ. ಶನಿವಾರ ಅವಳನ್ನು ಡಾರ್ಕ್‌ರೂಮಿನ ಒಳಗೆ ಕರೆದುಕೊಂಡು, ಕೊನೆಗೆ ಉಳಿದಿದ್ದ ಒಳ್ಳೇ ಕಾಗದದ ಮೇಲೆ ದೊಡ್ಡದಾಗಿ ಪ್ರಿಂಟ್ ಮಾಡಿದೆ. ಕೆಂಪು ದೀಪದಡಿ, ಡೆವಲಪರಿನ ತಟ್ಟೆಯಲ್ಲಿ ಮೊದಲು ಮೂಡಿದ್ದು ಸೀರೆಯ ಸೆರಗು. ಆಮೇಲೆ ಕೈ. ಬೆರಳುಗಳಲ್ಲಿ ಅಂಟಿದ ಹಿಟ್ಟು ಸಹ ಕಾಣುತ್ತಿತ್ತು. ಬೆರಳುಗಳ ನಡುವಿನಿಂದ ಒಂದು ಕಣ್ಣು ನೇರ ನೋಡುತ್ತಿತ್ತು.

ಭಾನುವಾರ ಅದಕ್ಕೇ ಹಾರ ಹಾಕಿದರು. ಯಾರೂ ಬೇರೆ ಫೋಟೋ ಕೇಳಲಿಲ್ಲ, ಇದೇ ನಮ್ಮ ಅಕ್ಕು ಅಂದರು. ಊಟಕ್ಕೆ ಎಲೆ ಹಾಕಿದಾಗ ನನಗೆ ಸಿಕ್ಕಿದ ಜಾಗ ಸರಿಯಾಗಿ ಫೋಟೋದ ಎದುರು. ಅನ್ನ ಬಡಿಸುತ್ತಿದ್ದ ಹೋಟೆಲಿನ ಹಳೆಯ ಅಡುಗೆಯವ ತಮ್ಮಯ್ಯ ಸೌಟು ಹಿಡಿದುಕೊಂಡೇ ತಿರುಗಿ ನೋಡಿದ.

"ಪಾಪ, ಯಾರ ಮೇಲೋ ಕೈ ಎತ್ತಿದ ಹಾಗುಂಟು. ಯಾರ ಮೇಲೆ ಅಕ್ಕನಿಗೆ ಇಷ್ಟು ಸಿಟ್ಟು?"

"ನನ್ನ ಮೇಲೆ," ಅಂದೆ. "ಅನ್ನ ಹಾಕು."