ಸಂತರ ಸಾಲಿನಲ್ಲಿ ಶೌರಮ್ಮ

"ನಾನು ನಮ್ಮವ್ವ ಆಗ್ತೀನ್ರಿ ಟೀಚರ್" ಎಂದಳು ಲೂರ್ದು.

ಬಂಗಾರದ ಬಣ್ಣದ ಕಾಗದ ಕತ್ತರಿಸುತ್ತಿದ್ದ ಫಿಲೋಮಿನಾಳ ಕೈ ನಿಂತಿತು. ಸಿರುಗುಪ್ಪದ ಪುಟ್ಟ ಚರ್ಚಿನ ಹಿಂದಿನ ಕೋಣೆಯಲ್ಲಿ ಸಕಲ ಸಂತರ ಹಬ್ಬಕ್ಕೆ ಮಕ್ಕಳ ಕೂಟದ ತಯಾರಿ ನಡೆದಿತ್ತು. ಪ್ರತಿ ಮಗುವೂ ಒಬ್ಬ ಸಂತರ ವೇಷ ಹಾಕಿ, ತಾನು ಯಾರು, ಏನು ಮಾಡಿದೆ ಎಂದು ಎರಡು ಮಾತು ಹೇಳಬೇಕು. ಅಂತೋಣಿ, ತೆರೇಸಾ, ಸೆಬಾಸ್ಟಿಯನ್ ಎಲ್ಲ ಹಂಚಿಹೋಗಿದ್ದರು. ಲೂರ್ದುವಿಗೆಂದು ಫಿಲೋಮಿನಾ ಸಂತ ಲೂಸಿಯಾಳನ್ನು ಉಳಿಸಿಟ್ಟಿದ್ದಳು.

ಹುಡುಗಿಯ ತಾಯಿ ಶೌರಮ್ಮ ಕರೂರಿನಲ್ಲಿ ಭತ್ತದ ನಾಟಿ ಕೆಲಸಕ್ಕೆ ಹೋಗುತ್ತಿದ್ದವಳು. ಈ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡಿದ್ದಳು. ಅಂದಿನಿಂದ ಲೂರ್ದು ಧರ್ಮೋಪದೇಶದ ತರಗತಿಗೆ ಬಂದರೂ ಬಾಯಿ ಬಿಟ್ಟಿರಲಿಲ್ಲ. ಇದೇ ಮೊದಲ ಮಾತು.

"ಆಗು" ಎಂದಳು ಫಿಲೋಮಿನಾ.

ಸುದ್ದಿ ಚರ್ಚ್ ಸಮಿತಿಯ ಹಿರಿಯ ರಾಯಪ್ಪನವರಿಗೆ ಮುಟ್ಟಿತು. ಸಂತರೆಂದರೆ ರೋಮಿನಿಂದ ಪೋಪರೇ ಹೆಸರು ಘೋಷಿಸಬೇಕು, ನಾಳೆ ಎಲ್ಲರೂ ತಮ್ಮ ಅಪ್ಪ ಅವ್ವನನ್ನು ತಂದು ನಿಲ್ಲಿಸಿದರೆ ಏನು ಗತಿ ಎಂದು ಅವರು ಫಾದರ್ ಎದುರಿಗೇ ಫಿಲೋಮಿನಾಳನ್ನು ಕೇಳಿದರು. ಮರುದಿನ ಸತ್ತವರ ದಿನ ಇದ್ದೇ ಇದೆ, ಆಗ ಸಮಾಧಿಗೆ ಹೂವಿಟ್ಟು ಮೇಣದಬತ್ತಿ ಹಚ್ಚಲಿ ಎಂದರು. ಬಳ್ಳಾರಿಯಿಂದ ಬಂದಿದ್ದ ಹೊಸ ಫಾದರ್ ಇಬ್ಬರ ಮುಖವನ್ನೂ ನೋಡಿ, ಮಗುವಿಗೆ ತಿಳಿಸಿ ಹೇಳಲಾಗದೇ ಎಂದು ಮೆತ್ತಗೆ ಕೇಳಿದರು.

"ಆಗಂಗಿಲ್ರಿ ಫಾದರ್" ಎಂದಳು ಫಿಲೋಮಿನಾ. "ಹೆಸರು ಗೊತ್ತಿಲ್ಲದ ಸಂತರದೂ ಸೇರಿ ಈ ಹಬ್ಬ ಅಂತ ನಾನ ಮಕ್ಕಳಿಗೆ ಕಲಿಸೀನಿ. ಈಗ ಅದು ಸುಳ್ಳು ಅಂತ ಹೆಂಗ ಹೇಳ್ಲಿ? ಆಕಿ ನಿಲ್ಲಬಾರದು ಅಂದ್ರ ಕೂಟಾನೂ ಬ್ಯಾಡ."

ರಾಯಪ್ಪನವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರನಡೆದರು. ಫಾದರ್, ಅವಳನ್ನು ಸಾಲಿನ ಕೊನೆಗೆ ನಿಲ್ಲಿಸಿ ಎಂದರು.

ಹಬ್ಬದ ಸಂಜೆ ಲೂರ್ದು ತಾಯಿಯ ಹಸಿರು ಸೀರೆಯನ್ನು ನಾಟಿಗೆ ಹೋಗುವವರಂತೆ ಎತ್ತಿ ಕಟ್ಟಿಕೊಂಡು ಬಂದಳು. ತಂದೆ ಚಿನ್ನಪ್ಪ ಒಳಗೆ ಬರದೆ ಬಾಗಿಲ ಹೊರಗೇ ನಿಂತ. ರಾಯಪ್ಪನವರೂ ಬಂದು ಮುಂದಿನ ಬೆಂಚಿನಲ್ಲಿ ಕೂತಿದ್ದರು. ಮಕ್ಕಳು ಒಬ್ಬೊಬ್ಬರಾಗಿ ಹೇಳಿ ಮುಗಿಸಿದರು. ಲೂರ್ದುವಿನ ಸರದಿ ಬಂದಾಗ ಮಾತೇ ಹೊರಡಲಿಲ್ಲ. ಎದ್ದು ಹೋಗಿ ಹೇಳಿಕೊಡಬೇಕೆನಿಸಿದರೂ ಫಿಲೋಮಿನಾ ಕುರ್ಚಿಯ ಅಂಚು ಹಿಡಿದು ಕೂತಳು.

"ನಾನು ಶೌರಮ್ಮ. ಕರೂರಾಕಿ. ಬಾಜು ಮನಿ ಜೋಗಮ್ಮಜ್ಜಿಗಿ ಕಣ್ಣು ಕಾಣಂಗಿಲ್ಲ. ದಿನಾ ಗಂಜಿ ಒಯ್ದು ಕುಡಿಸ್ತಿದ್ದೆ. ಜ್ವರ ಬಂದಾಗೂ ಒಯ್ದೆ." ಹುಡುಗಿ ಬಾಗಿಲ ಕಡೆ ನೋಡಿದಳು. "ಈಗ ನನ್ನ ಮಗಳು ಒಯ್ತಾಳ."

ರಾಯಪ್ಪನವರು ಬೆಂಚಿನಿಂದ ಮುಂದಕ್ಕೆ ಬಾಗಿ, "ಆ ಮುದುಕಿ ಈಗ ಹೆಂಗದಾಳವ್ವಾ?" ಎಂದರು.

"ಅರಾಮ ಅದಾಳ್ರಿ."

ಆಮೇಲೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ಹಂಚಿದರು. ಸಂತರೆಲ್ಲ ತಳ್ಳಾಡುತ್ತ ಸಾಲು ನಿಂತರು. ಲೂರ್ದು ತನ್ನ ತಟ್ಟೆ ಹಿಡಿದು ಅವರ ನಡುವೆ ದಾರಿ ಮಾಡಿಕೊಂಡು ಬಾಗಿಲಿಗೆ ಹೋದಳು. ಚಿನ್ನಪ್ಪ ಬೇಡವೆಂದು ತಲೆಯಾಡಿಸಿದ. ಅವಳು ತಟ್ಟೆಯನ್ನು ಅವನ ಕೈಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವನು ತಿಂದು ಮುಗಿಸುವ ತನಕ ಎದುರಿಗೇ ನಿಂತಿದ್ದಳು.