ಎಡಗೈಗೊಂದು ಕ್ಯಾಮೆರಾ

ಎಲ್ಲ ಬಲಕ್ಕೇ ಇವೆ, ಗಾಜಿನ ಕಪಾಟಿನ ಮೂರು ಸಾಲು ಕ್ಯಾಮೆರಾಗಳಲ್ಲೂ ಕ್ಲಿಕ್ ಬಟನ್ ಎಂಬುದು ಬಲಕ್ಕೇ, ಒಂದಾದರೂ ದಾರಿ ತಪ್ಪಿ ಎಡಕ್ಕೆ ಬಂದಿರಬಾರದೇ — ಹದಿನೇಳು ವರ್ಷ ಗುಬ್ಬಿ ಬಸ್ ಸ್ಟ್ಯಾಂಡಿನ ಎದುರು ಸ್ಟುಡಿಯೋ ಇಟ್ಟುಕೊಂಡು ಊರವರ ಮುಖವನ್ನೆಲ್ಲ ತೆಗೆದ ಅನುಪಮಾಗೆ ಈ ಸಂಗತಿ ಇವತ್ತು, ತುಮಕೂರಿನ ಈ ಅಂಗಡಿಯಲ್ಲಿ, ಬಲಗೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ನಿಂತಾಗ ಕಣ್ಣಿಗೆ ಬೀಳಬೇಕೇ, ಕೈ ಸರಿಯಿದ್ದಾಗ ಬಟನ್ ಎಲ್ಲಿದೆ ಎಂದು ಯಾರು ನೋಡುತ್ತಾರೆ, ಬೆರಳು ತಾನೇ ಹೋಗಿ ಕೂರುತ್ತಿತ್ತು, ಈಗ ಹೆಬ್ಬೆರಳೂ ತೋರುಬೆರಳೂ ಒಂದನ್ನೊಂದು ಮುಟ್ಟಲು ಒಪ್ಪುವುದಿಲ್ಲ, ಜಗಳವಾಡಿಕೊಂಡ ಓರಗಿತ್ತಿಯರ ಹಾಗೆ, ಕ್ಯಾತ್ಸಂದ್ರದ ಹತ್ತಿರ ಸ್ಕೂಟರ್ ಜಾರಿ ಮಣಿಕಟ್ಟಿನ ನರ ಹರಿದು ಎರಡು ವರ್ಷವಾಯಿತು, ಎರಡು ಆಪರೇಷನ್ ಆಯಿತು, ಒಂದು ಗುಂಡುಸೂಜಿ ಎತ್ತು ಎಂದರೆ ಇವತ್ತಿಗೂ ಆಗದು. ಯಾರಿಗೆ ಮೇಡಂ ಕ್ಯಾಮೆರಾ, ಅಂಗಡಿಯ ಅಂಜನ್‌ಕುಮಾರ್ ಕೇಳುತ್ತಿದ್ದಾನೆ, ಗುರುತಿನ ಅಂಗಡಿ ಬಿಟ್ಟು ಗುರುತಿಲ್ಲದ ಇವನ ಹತ್ತಿರ ಬಂದದ್ದೇ ಈ ಪ್ರಶ್ನೆಗೆ ಸುಳ್ಳು ಹೇಳಲು ಸಲೀಸಾಗಲಿ ಎಂದು, ಆದರೂ ಬಾಯಿಗೆ ಬಂದದ್ದನ್ನು ಕೇಳಿ ಅವಳಿಗೇ ಗಾಬರಿ — ನಮ್ ಮಾವ್ನೋರಿಗೆ, ಅವರಿಗೆ ಬಲಗೈ ಸ್ವಾಧೀನ ಇಲ್ಲ. ಮಾವನವರು ತೀರಿಕೊಂಡು ಹನ್ನೊಂದು ವರ್ಷ, ಬದುಕಿದ್ದಾಗ ಫೋಟೋಗೆ ನಿಲ್ಲಿ ಎಂದರೆ ಹಿತ್ತಲಿಗೆ ಹೋಗಿಬಿಡುತ್ತಿದ್ದ ಮನುಷ್ಯ, ಅವರಿಗೆ ಈಗ ಕ್ಯಾಮೆರಾ ಹುಡುಕುತ್ತಿದ್ದಾಳೆ ಸೊಸೆ.

ಭಾನುವಾರಕ್ಕೆ ಇನ್ನು ಮೂರು ದಿನ. ಬೆಳಿಗ್ಗೆ ಫೋನ್ ಬಂದಾಗ ಹೆಸರು ನೋಡಿ ಎತ್ತಲೋ ಬೇಡವೋ ಎಂದು ಕೊನೆಯ ರಿಂಗಿನವರೆಗೂ ಕಾದಿದ್ದಳು, ಕುಣಿಗಲ್ ಕಡೆ, ಯಡಿಯೂರಿಗೆ ಎರಡು ಮೈಲಿ ಇರುವ ತನ್ನ ತವರೂರಿನ ಚನ್ನವೀರಯ್ಯ, ಪಕ್ಕದ ಮನೆಯವರು, ಚಿಕ್ಕಂದಿನಿಂದ ದೊಡ್ಡಪ್ಪ ಎಂದೇ ಕರೆದ ಜೀವ, ಎಂಟು ತಿಂಗಳಿಂದ ಅವರ ಎದುರು ಸುಳಿದಿಲ್ಲ ಇವಳು. ಮೊಮ್ಮಗಳು ಸಿಂಚನಾ ಹೆತ್ತವ್ಳೆ ಕಣವ್ವ, ಭಾನುವಾರ ಕೂಸಿಗೆ ಲಿಂಗಧಾರಣೆ, ಫೋಟೋಗೆ ನೀನೇ ಬರ್ಬೇಕು. ತಿಮ್ಮೇಶ್ ಅಂತ ಇದಾನೆ ದೊಡ್ಡಪ್ಪ, ಚೆನ್ನಾಗ್ ತೆಗೀತಾನೆ, ಅವನನ್ನ ಕಳಿಸ್ತೀನಿ. ತಿಮ್ಮೇಶ ಗಿಮ್ಮೇಶ ಯಾರೂ ಬ್ಯಾಡ, ನಮ್ಮವ್ವಂದಂತೂ ಒಂದು ಫೋಟೋನೂ ಇಲ್ದಂಗಾಯ್ತು, ಈ ಕೂಸಿಂದಾದ್ರೂ ನಿನ್ ಕೈಲೇ ಆಗ್ಲಿ. ನಿನ್ ಕೈಲೇ — ಚುಚ್ಚಿ ಹೇಳಿದರೋ ಪ್ರೀತಿಯಿಂದ ಹೇಳಿದರೋ, ಇಲ್ಲ, ಚುಚ್ಚುವ ಪೈಕಿಯಲ್ಲ ದೊಡ್ಡಪ್ಪ, ಆ ದಿನವೂ ಚುಚ್ಚಲಿಲ್ಲ, ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಆ ದಿನ, ತೀರಿಕೊಂಡಿದ್ದ ಅವರ ಅವ್ವ ಬಸವಲಿಂಗಮ್ಮನನ್ನು ನಡುಮನೆಯಲ್ಲಿ ಕೂರಿಸಿದ್ದರು, ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲವಲ್ಲ, ಪೂಜೆಗೆ ಕೂತ ಹಾಗೇ ಕೂರಿಸುತ್ತಾರೆ, ಹಣೆ ತುಂಬ ವಿಭೂತಿ, ಎಡ ಅಂಗೈಯಲ್ಲಿ ಇಷ್ಟಲಿಂಗ, ಸುತ್ತ ಮಕ್ಕಳು ಮೊಮ್ಮಕ್ಕಳು, ಮಣ್ಣಿಗೆ ಹೋಗುವ ಮುಂಚಿನ ಕೊನೆಯ ಫೋಟೋ, ಅದನ್ನು ತೆಗೆಯಲು ಇವಳನ್ನೇ ಕರೆದಿದ್ದರು, ಇವಳೂ ಹಟಕ್ಕೆ ಹಳೇ ಭಾರದ ಕ್ಯಾಮೆರಾವನ್ನೇ ಹೊತ್ತುಕೊಂಡು ಹೋಗಿದ್ದಳು. ಅದನ್ನು ಕುತ್ತಿಗೆಗೆ ತೂಗುಹಾಕುವ ಬೆಲ್ಟಿನ ಕ್ಲಿಪ್ ಹಾಕಲು ಬೆರಳು ಬರಲಿಲ್ಲ. ಸ್ವಲ್ಪ ಹಾಕಿಕೊಡು ಎಂದು ಯಾರನ್ನಾದರೂ ಕೇಳಿದ್ದರೆ ಮುಗಿಯುತ್ತಿತ್ತು, ಅಲ್ಲಿ ಅಷ್ಟು ಜನ ಹೆಂಗಸರು ನಿಂತಿದ್ದರು, ಕೇಳಲಿಲ್ಲ, ಬಿಂಕ, ಬರೀ ಬಿಂಕ. ಮೊದಲನೆಯದು ಹತ್ತಿರದಿಂದಲೇ ಇರಲಿ ಎಂದು ಬಾಗಿದಾಗ ಕೈ ಬಿಟ್ಟುಹೋಯಿತು, ಕ್ಯಾಮೆರಾ ಹೋಗಿ ಅಜ್ಜಿಯ ಕೈಗೇ ಬಡಿಯಿತು, ಲಿಂಗ ನೆಲಕ್ಕೆ ಉರುಳಿತು, ಯಾರೋ ಶಿವಶಿವಾ ಎಂದರು. ಚನ್ನವೀರಯ್ಯ ಬಗ್ಗಿ ಎತ್ತಿಕೊಂಡರು, ನೀರಲ್ಲಿ ತೊಳೆದರು, ಏನೂ ಆಗಿಲ್ಲ ಬುಡವ್ವ ಎಂದರು. ಅವರು ತೊಳೆದು ತರುವ ತನಕ ಆ ಅಂಗೈ ಖಾಲಿಯಿತ್ತು, ಮಧ್ಯೆ ವಿಭೂತಿಯ ಒಂದು ದುಂಡನೆಯ ಗುರುತು, ಅಷ್ಟೇ. ಆಮೇಲೆ ಫೋಟೋ ತೆಗೆಯಲೆಂದು ಯಾರೂ ಫೋನು ಕೂಡ ಎತ್ತಲಿಲ್ಲ.

ಇದು ನೋಡಿ ಮೇಡಂ, ಲೈಟ್ ವೆಯ್ಟು, ಎಂದು ಅಂಜನ್‌ಕುಮಾರ್ ಒಂದನ್ನು ಎತ್ತಿಟ್ಟ, ಹಗುರವೇನೋ ಹಗುರ, ಬಟನ್ ಬಲಕ್ಕೆ. ರಿಮೋಟ್ ಕೊಡ್ತೀನಿ, ಎರಡು ಬೆರಳಲ್ಲಿ ಹಿಡ್ಕೊಂಡು ಒತ್ತಿದ್ರಾಯ್ತು — ಎರಡು ಬೆರಳು ಇದ್ದಿದ್ದರೆ ನಿನ್ನ ಅಂಗಡಿಗೆ ಯಾಕೆ ಬರುತ್ತಿದ್ದೆ ಮಹರಾಯ. ಸ್ಟ್ಯಾಂಡ್ ಹಾಕ್ಕೊಳ್ಳಿ ಮೇಡಂ. ನಡುಮನೆಯಲ್ಲಿ ನಲವತ್ತು ಜನರ ಕಾಲಡಿ ಸ್ಟ್ಯಾಂಡಿನ ಮೂರು ಕಾಲು ಎಲ್ಲಿ ಊರುವುದು, ಕಳೆದ ವರ್ಷ ಒಂದು ನಾಮಕರಣದಲ್ಲಿ ಹಾಕಿ ಸೋದರತ್ತೆಯೇ ಎಡವಿ ಬಿದ್ದಿದ್ದಳು. ಬಾಯಲ್ಲಿ ಹೇಳಿದ್ರೆ ಕ್ಲಿಕ್ ಆಗೋದೂ ಇದೆ. ಅಯ್ನೋರು ಮಂತ್ರ ಹೇಳುವಾಗ ನಡುವೆ ಇವಳು ಶೂಟ್ ಶೂಟ್ ಎಂದು ಕೂಗುವುದೇ, ಚೆನ್ನಾಗಿರುತ್ತದೆ. ಮನೆಯಲ್ಲಿ ಉದಯಕುಮಾರ್ ಕೂಡ ಹೇಳಿದ್ದ, ಕ್ಯಾಮೆರಾ ನಾನ್ ಹಿಡೀತೀನಿ ಕಣೇ, ನೀನ್ ಹೇಳ್ತಾ ಹೋಗು, ಒಳ್ಳೇ ಗಂಡ, ಹೊನ್ನಿನಂಥ ಮನುಷ್ಯ, ಆದರೆ ಅವನು ತೆಗೆದ ಫೋಟೋದಲ್ಲಿ ಯಾರಿಗೂ ತಲೆಯಿರುವುದಿಲ್ಲ. ಮತ್ತೆ ಈ ಅಂಜನ್‌ಕುಮಾರ್ ಒಂದು ಮಾತು ಹೇಳಿದ, ಕೆಟ್ಟದ್ದಕ್ಕೆ ಹೇಳಿದ್ದಲ್ಲ, ನಗುತ್ತಲೇ ಹೇಳಿದ — ಬೇಜಾರ್ ಮಾಡ್ಕೋಬೇಡಿ, ಅಂಥೋರಿಗೆ ಯಾಕೆ ಮೇಡಂ ಕ್ಯಾಮೆರಾ, ಒಂದು ಫೋನ್ ಕೊಡ್ಸಿ ಕೂರ್ಸಿ, ಟೈಮ್ ಪಾಸ್ ಆಗುತ್ತೆ. ಅಂಥೋರಿಗೆ. ಇಲ್ಲದ ಮಾವನವರ ಪರವಾಗಿ ಅವಳಿಗೆ ಎಲ್ಲಿತ್ತೋ ಸಿಟ್ಟು ನೆತ್ತಿಗೇರಿತು, ಯಾಕೆ ಕೂರಬೇಕು ಅವರು, ಯಾಕೆ ಟೈಮ್ ಪಾಸ್ ಮಾಡಬೇಕು, ಕಣ್ಣು ಸರಿಯಿದೆ, ಬೆಳಕು ಗೊತ್ತು, ಕೂಸು ಅಳುವ ಅರೆಕ್ಷಣ ಮುಂಚೆ ತುಟಿ ಹೇಗೆ ಸೊಟ್ಟಗಾಗುತ್ತದೆ ಗೊತ್ತು, ಎರಡು ಬೆರಳು ಮುನಿಸಿಕೊಂಡವೆಂದು ಅದೆಲ್ಲ ಎಲ್ಲಿಗೆ ಹೋಯಿತು — ನಿಜ ಹೇಳ್ಬೇಕು ಅಂದ್ರೆ ಮೇಡಂ, ಅವರನ್ನೇ ಕರ್ಕೊಂಡ್ ಬನ್ನಿ, ಕೈಲಿ ಹಿಡಿದ್ ನೋಡ್ದೆ ಗೊತ್ತಾಗಲ್ಲ, ಎನ್ನುತ್ತಿದ್ದಾನೆ ಅವನು, ಈ ಮಾತು ಮಾತ್ರ ಸರಿ, ನೂರಕ್ಕೆ ನೂರು ಸರಿ. ಬೆಲ್ಟಿನ ಕ್ಲಿಪ್ಪಿನ ದಿನವೂ ಹೀಗೇ ಮುಚ್ಚಿಟ್ಟುಕೊಂಡಿದ್ದಳಲ್ಲ, ಮುಚ್ಚಿಟ್ಟದ್ದಕ್ಕೇ ತಾನೇ ಆ ಅಂಗೈ ಖಾಲಿಯಾದದ್ದು. ಸೆರಗು ಸರಿಸಿದಳು. ಬಲಗೈ ಎತ್ತಿ ಗಾಜಿನ ಮೇಲೆ ಇಟ್ಟಳು, ಹೊಲಿಗೆಯ ಗುರುತು, ಮಡಚದ ಬೆರಳು, ಎಲ್ಲ ಕಾಣುವ ಹಾಗೆ. ಮಾವನೋರು ಯಾರೂ ಇಲ್ಲ, ನಂಗೇ ಬೇಕಾಗಿರೋದು, ನಾನು ಫೋಟೋಗ್ರಾಫರ್ರು, ಗುಬ್ಬಿಲಿ ಸ್ಟುಡಿಯೋ ಇದೆ. ಅಂಜನ್‌ಕುಮಾರ್ ಕೈ ನೋಡಿದ, ಮುಖ ನೋಡಿದ, ನಗು ನಿಂತಿತು. ಸಾರಿ ಮೇಡಂ, ಎಂದ. ಕಪಾಟಿನ ಬೀಗ ತೆಗೆದು ಇದ್ದದ್ದನ್ನೆಲ್ಲ ಗಾಜಿನ ಮೇಲೆ ಸಾಲಾಗಿ ಇಟ್ಟ.

ಒಂದೊಂದೇ, ಆತುರವಿಲ್ಲ, ಗುಬ್ಬಿಗೆ ಬಸ್ಸು ಅರ್ಧ ಗಂಟೆಗೊಂದಿದೆ, ಇದು ಭಾರ, ಇದು ಜಾರುತ್ತದೆ, ಇದರ ಬಟನ್ ಮೆದು ಆದರೆ ಎಡಗೈ ಅಲ್ಲಿಗೆ ಮುಟ್ಟಿದರೆ ಹಿಡಿಯುವವರು ಯಾರು, ಬಲಗೈ ಗೆಣ್ಣಿನಿಂದ ಒತ್ತಿ ನೋಡಿದಳು, ಇಡೀ ಕ್ಯಾಮೆರಾ ಅಲುಗಿತು, ಇನ್ನೊಂದು, ಮತ್ತೊಂದು, ಏಳನೆಯದು ಚಿಕ್ಕದು, ಮೇಲೆ ಗೂನಿಲ್ಲದೆ ಚಪ್ಪಟೆ, ಊಟದ ಡಬ್ಬಿಯ ಮುಚ್ಚಳದಂತೆ ಸಪಾಟು, ಎಡಗೈಯಲ್ಲಿ ಎತ್ತಿಕೊಳ್ಳುವಾಗ ಅದು ಮಗುಚಿತು, ಬೀಳುತ್ತದೆ ಎಂದು ಅಂಗೈ ಒಡ್ಡಿದಳು, ಬೀಳಲಿಲ್ಲ, ಕೂತುಬಿಟ್ಟಿತು. ತಲೆಕೆಳಗಾಗಿ ಅಂಗೈ ಮೇಲೆ ಕೂತುಬಿಟ್ಟಿತು. ಮೇಡಂ, ಉಲ್ಟಾ ಹಿಡಿದಿದೀರ. ಇರಪ್ಪ, ಮಾತಾಡಬೇಡ, ಒಂದು ನಿಮಿಷ ಇರು — ಮಗುಚಿದರೆ ಬಲ ಎಡವಾಯಿತು, ಮೇಲಿದ್ದ ಬಟನ್ ಕೆಳಕ್ಕೆ ಬಂತು, ಎಡಗೈ ಹೆಬ್ಬೆರಳು ಯಾರೂ ಹೇಳದೆ ಹೋಗಿ ಅದರ ಮೇಲೆ ಕೂತಿದೆ, ಪರದೆಯಲ್ಲಿ ಅಂಕಿಗಳೆಲ್ಲ ತಲೆಕೆಳಗು, ಆದರೆ ಅಂಜನ್‌ಕುಮಾರ್ ಮಾತ್ರ ನೆಟ್ಟಗೇ ನಿಂತಿದ್ದಾನೆ. ಅಂಗೈ ಎದೆಯ ಮಟ್ಟಕ್ಕೆ, ಮೊಣಕೈ ಪಕ್ಕೆಗೆ. ಈ ಭಂಗಿ ಅವಳಿಗೆ ಹೊಸದಲ್ಲ, ಎಂಟನೇ ವಯಸ್ಸಿನಿಂದ ಗೊತ್ತು, ದೀಕ್ಷೆಯಾದ ಮಾರನೇ ಬೆಳಿಗ್ಗೆ ಪಕ್ಕದ ಮನೆಯ ಬಸವಲಿಂಗಮ್ಮಜ್ಜಿ ಎದುರು ಕೂರಿಸಿಕೊಂಡು ಎಡ ಅಂಗೈಯಲ್ಲಿ ಲಿಂಗ ಇಟ್ಟು ಹೇಳಿದ್ದಳು, ಮೊಣಕೈನ ಪಕ್ಕೆಗೆ ಒತ್ಕೋ, ಉಸ್ರು ನಿಧಾನಕ್ಕೆ ಬುಡು, ಕಣ್ಣು ಅಲ್ಲೇ ಇರ್ಲಿ, ಕೈ ಅಲ್ಲಾಡ್ಬಾರ್ದು ಕಣೇ, ಅಂದಿನಿಂದ ದಿನವೂ ಹಿಡಿದ ಕೈ ಇದು, ಸ್ಕೂಟರ್ ಬಿದ್ದ ದಿನವೂ ಆಸ್ಪತ್ರೆಯ ಮಂಚದ ಮೇಲೆ ಹಿಡಿದಿತ್ತು, ಎರಡು ವರ್ಷ ಸತ್ತ ಕೈಯನ್ನೇ ನೋಡುತ್ತ ಅತ್ತಳಲ್ಲ ಪೆದ್ದಿ, ಬದುಕಿದ ಕೈ ಪಕ್ಕದಲ್ಲೇ ಇತ್ತು. ಬೆಲ್ಟ್ ಹಾಕಿಕೊಡಿ, ಎಂದಳು ಅಂಜನ್‌ಕುಮಾರ್‌ಗೆ, ನಂಗೆ ಕ್ಲಿಪ್ ಹಾಕಕ್ಕಾಗಲ್ಲ. ಎಷ್ಟು ಸುಲಭದ ಮಾತು. ಅವನು ಕುತ್ತಿಗೆಗೆ ಹಾಕಿ ಕ್ಲಿಪ್ ಒತ್ತಿ ಎರಡು ಸಲ ಎಳೆದು ನೋಡಿದ. ಏನ್ ತೆಗೀತೀರಿ ಮೇಡಂ, ಬೀದಿ ಕಡೆ ತಿರುಗಿ, ಬೆಳಕು ಚೆನ್ನಾಗಿದೆ. ಬೀದಿ ಬ್ಯಾಡ, ನಿಮ್ಮ ಎಡಗೈ ಕೊಡಿ, ಹೀಗೆ, ಅಂಗೈ ಮೇಲೆ ಮಾಡಿ ಹಿಡೀರಿ. ಅವನು ನಾಚಿಕೊಂಡು ಹಿಡಿದ. ಭಾನುವಾರ ಕೂಸಿನ ಕೈ ಇದಕ್ಕಿಂತ ಚಿಕ್ಕದಿರುತ್ತದೆ, ನಿಲ್ಲುವುದಿಲ್ಲ, ಚನ್ನವೀರಯ್ಯ ಅದರ ಪಕ್ಕದಲ್ಲೇ ಕೂತು ಇವಳನ್ನೇ ನೋಡುತ್ತಿರುತ್ತಾರೆ, ನೋಡಲಿ, ಮೊಣಕೈ ಪಕ್ಕೆಗೆ, ಉಸಿರು ನಿಧಾನಕ್ಕೆ, ಕಣ್ಣು ಅಲ್ಲೇ — ಹೆಬ್ಬೆರಳು ಒತ್ತಿತು. ಪರದೆಯಲ್ಲಿ ಅಂಗೈ, ಗೆರೆಗೆರೆಯೂ ಸ್ಪಷ್ಟ, ಒಂದು ಕೂದಲೆಳೆಯಷ್ಟೂ ಅಲುಗಿಲ್ಲ, ಖಾಲಿ ಅಂಗೈ, ಮಧ್ಯೆ ಅಂಗಡಿಯ ದೀಪದ ಒಂದು ದುಂಡನೆಯ ಬೆಳಕು, ಅಜ್ಜಿಯ ಅಂಗೈಯಲ್ಲಿ ಆ ವಿಭೂತಿಯ ಗುರುತಿದ್ದ ಜಾಗದಲ್ಲೇ.