‘ಗಿರಣಿ’ಯ ಗೊರಗೊರ

ಹಿಮಾಯತ್‌ನಗರದಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವ ಸೂಗಪ್ಪನಿಗೆ ಇದ್ದದ್ದು ಒಂದೇ ಜಂಬ. ಮದುವೆಯಿರಲಿ, ಪ್ರವಚನವಿರಲಿ, ಅವನ ಮೈಕು ಎಂದೂ ಕುಂಯ್ ಎಂದದ್ದಿಲ್ಲ. ಯಾದಗಿರಿಯಿಂದ ಬಂದು ಈ ತೆಲುಗು ಊರಲ್ಲಿ ನೆಲೆ ಕಂಡದ್ದೇ ಆ ಹೆಸರಿನಿಂದ. ಕಾರ್ಯಕ್ರಮದ ಹಿಂದಿನ ದಿನ ಸೆಟ್ಟು ಬಿಚ್ಚಿ, ಧೂಳು ಒರೆಸಿ, ಸಡಿಲಾದ ತಂತಿಗೆ ಬೆಸುಗೆ ಹಾಕಿ, ಊದಿನಕಡ್ಡಿ ಬೆಳಗದೆ ಅದನ್ನು ಹೊರಗೆ ಕಳಿಸಿದವನಲ್ಲ. ಅಂಥವನ ಹೊಟ್ಟೆಯಲ್ಲಿ ಹುಟ್ಟಿದ ಸ್ನೇಹಲತಾ, ಗದ್ದಲವನ್ನೇ ಸಂಗೀತವೆಂದು ಬಾರಿಸುವ ಬ್ಯಾಂಡು ಕಟ್ಟಿದಳು. ದೇವರಿಗೂ ಒಮ್ಮೊಮ್ಮೆ ತಮಾಷೆ ಬೇಕಾಗುತ್ತದೆ.

ಬ್ಯಾಂಡಿನಲ್ಲಿ ಇದ್ದವರು ಮೂವರು. ಗಿಟಾರು ಸ್ನೇಹಲತಾಳದು. ಡ್ರಮ್ಮಿಗೆ ಭರತ, ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯಲ್ಲಿ ಕೆಲಸ, ಸಾಲದ್ದಕ್ಕೆ ಖಾಲಿ ಪೀಪಾಯಿಗಳನ್ನೂ ಬಡಿಯುತ್ತಿದ್ದ. ಮಂಗಳೂರಿನ ನಿಖಿತಾ ಹಳೆಯ ರೇಡಿಯೊಗಳನ್ನು ಸಾಲಾಗಿಟ್ಟು, ಯಾವ ಸ್ಟೇಷನ್ನೂ ಸಿಗದಂತೆ ತಿರುಗಿಸಿ ಅವುಗಳ ಕಿರುಚಾಟವನ್ನು ನುಡಿಸುತ್ತಿದ್ದಳು. ಮೊದಲು ಮಣಿಕೊಂಡದಲ್ಲಿ ಅವಳ ಫ್ಲ್ಯಾಟಿನಲ್ಲೇ ಬಾರಿಸಿದರು; ಅಕ್ಕಪಕ್ಕದವರು ಓಡಿಸಿದರು. ಆಮೇಲೆ ಹಿಟ್ಟಿನ ಗಿರಣಿಯೊಂದರ ಮೇಲಿನ ಕೋಣೆ ಸಿಕ್ಕಿತು. ಕೆಳಗೆ ಜೋಳ ಬೀಸುವ ಸದ್ದಿನಲ್ಲಿ ಇವರದು ಯಾರಿಗೂ ಕೇಳುತ್ತಿರಲಿಲ್ಲ. ಹಾಗಾಗಿ ಬ್ಯಾಂಡಿಗೂ ‘ಗಿರಣಿ’ ಎಂದೇ ಹೆಸರಾಯಿತು. ಒಮ್ಮೆ ಬಾರಿಸಿದ್ದನ್ನು ಮತ್ತೆ ಬಾರಿಸುವುದಿಲ್ಲ, ರೆಕಾರ್ಡ್ ಮಾಡುವುದಿಲ್ಲ ಎಂಬುದು ಅವರ ನೇಮ.

ಮೊದಲ ಕಾರ್ಯಕ್ರಮಕ್ಕೆ ಸೂಗಪ್ಪನೂ ಹೋಗಿದ್ದ. ನಡುವೆಯೇ ಓಡಿಹೋಗಿ ಪ್ಲಗ್ಗು ಕಿತ್ತ. ಏನೋ ಸುಟ್ಟುಹೋಯಿತೆಂದು ಪಾಪ, ನಿಜಕ್ಕೂ ಗಾಬರಿಯಾಗಿದ್ದ. ಜನ ನಕ್ಕರು. ಮಗಳು ಮತ್ತೆಂದೂ ಅವನನ್ನು ಕರೆಯಲಿಲ್ಲ. ಏಳು ವರ್ಷ ಒಂದೇ ಮನೆಯಲ್ಲಿ ಒಂದೇ ತಟ್ಟೆಯ ರೊಟ್ಟಿ ಮುರಿದರೂ ಬ್ಯಾಂಡಿನ ಸುದ್ದಿ ಇಬ್ಬರ ನಡುವೆ ಬರಲಿಲ್ಲ. ಅದು ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ಈಗ ಭರತನಿಗೆ ವಿಶಾಖಪಟ್ಟಣಕ್ಕೆ ವರ್ಗವಾಗಿತ್ತು. ಭಾನುವಾರದ ಕಾರ್ಯಕ್ರಮವೇ ಕೊನೆ. ನೇಮ ಮುರಿದು ಅದೊಂದನ್ನು ರೆಕಾರ್ಡ್ ಮಾಡುವುದೆಂದು ಮೂವರೂ ಒಪ್ಪಿದ್ದರು. ‘ಗಿರಣಿ’ ಎಂಬುದೊಂದು ಇತ್ತು ಎನ್ನುವುದಕ್ಕೆ ಉಳಿಯುವುದು ಅದಷ್ಟೇ. ಇದೆಲ್ಲ ಸೂಗಪ್ಪನಿಗೆ ತಿಳಿದದ್ದು ಹೆಂಡತಿ ಗಿರಿಜಾಬಾಯಿಯ ಬಾಯಿಂದ.

ಮಗಳು ಬಳಸುತ್ತಿದ್ದದ್ದು ಅವನೇ ಮೂಲೆಗೆ ಎಸೆದಿದ್ದ ಆಂಪ್ಲಿಫೈಯರು, ಹಾಕಿದೊಡನೆ ಗೊರಗೊರ ಎನ್ನುವಂಥದ್ದು. ಅವಳ ಕಾರ್ಯಕ್ರಮಗಳಿಗೆ ಹೆಚ್ಚು ಜನ ಬಾರದಿರುವುದು ಅದಕ್ಕೇ, ರಿಪೇರಿ ಮಾಡಿಕೊಡು ಎನ್ನಲು ಹುಡುಗಿಗೆ ಬಿಗುಮಾನ ಎಂದು ಅವನು ತಾನೇ ತೀರ್ಮಾನಿಸಿಬಿಟ್ಟ. ಕಾರ್ಯಕ್ರಮಕ್ಕೆಂದು ಮನೆಗೆ ತಂದಿಟ್ಟಿದ್ದ ಅದನ್ನು, ಶನಿವಾರ ಅವಳು ಕೆಲಸಕ್ಕೆ ಹೋದಾಗ ಬಿಚ್ಚಿ, ಹೊಸ ತಂತಿ ಎಳೆದು, ಗಟ್ಟಿ ಬೆಸುಗೆ ಹಾಕಿ, ಊದಿನಕಡ್ಡಿ ಬೆಳಗಿದ. ಮಗಳಿಗೆ ತನ್ನಿಂದ ಆಗುವುದೊಂದು ಕೊನೆಗೂ ಸಿಕ್ಕಿತೆಂಬ ಖುಷಿಗೆ ಆ ದಿನ ಎರಡು ರೊಟ್ಟಿ ಜಾಸ್ತಿ ತಿಂದ.

ಭಾನುವಾರ ಮಧ್ಯಾಹ್ನ ಆಂಪ್ಲಿಫೈಯರು ಎತ್ತಿಕೊಂಡು ಅವನೂ ಸಭಾಂಗಣಕ್ಕೆ ಹೋದ. ಮಗಳು ಬೇಡವೆನ್ನಲಿಲ್ಲ. ವೈರು ಸಿಕ್ಕಿಸಿ ತಂತಿ ಮೀಟಿದಳು. ಗಿಟಾರು ತೊಳೆದ ಲೋಟದಂತೆ ಟಿಂಗ್ ಎಂದಿತು. ಮತ್ತೆ ಮೀಟಿದಳು. ಟಿಂಗ್.

“ಇದನ್ನ ಯಾರ್ ಬಿಚ್ಚಿದ್ರು?” ಸ್ನೇಹಲತಾಳ ಮುಖ ಬಿಳಿಚಿತ್ತು.

“ನಾನಽ ಬಿಚ್ಚೀನವಾ. ಭಾಳ ಗೊರ್ ಅನ್ನಾಕತ್ತಿತ್ತು,” ಎಂದ ಸೂಗಪ್ಪ, ಶಾಬಾಸ್‌ಗಿರಿಗೆ ಕಾಯುತ್ತ.

“ಅಯ್ಯೋ ಅಂಕಲ್, ಎಂಥ ಮಾಡಿದ್ರಿ ಮಾರಾಯ್ರೆ!” ಎಂದು ನಿಖಿತಾ ತಲೆಗೆ ಕೈಹಚ್ಚಿ ಕೂತಳು.

“ಆ ಸಪ್ಪಳದ ಮ್ಯಾಲೇ ನಮ್ಮ ಬ್ಯಾಂಡ್ ನಿಂತಿತ್ತಪಾ,” ಎಂದಳು ಮಗಳು. ಬೈಯಲಿಲ್ಲ. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವಳು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಸೂಗಪ್ಪನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಅವಳ ಹತ್ತಿರ ಹೋದ.

“ಹೆಂಗಿತ್ತದು? ಬಾಯಿಲೆ ಅಂದು ತೋರ್ಸು.”

ಅವಳು ಮೂಗೆಳೆದುಕೊಂಡು, ಗಂಟಲಲ್ಲಿ ಆ ಸದ್ದು ಹೊರಡಿಸಿದಳು. ಸೂಗಪ್ಪ ಕಣ್ಣು ಮುಚ್ಚಿ ಕೇಳಿದ. ಕೆಳಗೊಂದು ಬೀಸುವ ಸದ್ದು, ಅದರ ಮೇಲೆ ಸಣ್ಣಗೆ ನರಳುವ ಇನ್ನೊಂದು. ತಾನು ಎಸೆದ ಡಬ್ಬಿಯೊಳಗೆ ಇಷ್ಟೆಲ್ಲ ಇತ್ತೆಂದು ಅವನಿಗೆ ಗೊತ್ತೇ ಇರಲಿಲ್ಲ. “ಇನ್ನೊಮ್ಮೆ ಅನ್ನವಾ,” ಎಂದ.

ಹಾಕಿದ ಬೆಸುಗೆಯನ್ನು ಕರಗಿಸಿದ, ತಂತಿ ಸಡಿಲಿಸಿದ, ಮತ್ತೆ ಸಿಕ್ಕಿಸಿದ. ಬರಲಿಲ್ಲ. ಸರಿ ಮಾಡುವುದು ಬಲ್ಲವನಿಗೆ ಕೆಡಿಸುವುದು ಒಲಿಯಲಿಲ್ಲ. ಕೊನೆಗೆ ಬೇಸತ್ತು ಮುಚ್ಚಳದ ಮೇಲೆ ಅಂಗೈ ಊರಿದಾಗ ಅದು ಗೊರ್ ಎಂದಿತು. ಸ್ನೇಹಲತಾ ಚಂಗನೆ ಎದ್ದಳು. ಕೈ ತೆಗೆದರೆ ಮತ್ತೆ ಟಿಂಗ್. ಇಟ್ಟಿಗೆ ಹೇರಿದರು, ಭರತನ ಪೀಪಾಯಿ ಹೇರಿದರು. ಅದು ಕೇಳಿದ್ದು ಕೈಯನ್ನೇ. ಒತ್ತುವುದು ಒಂದಿಷ್ಟು ಹೆಚ್ಚು ಕಡಿಮೆಯಾದರೂ ಮುನಿಯುತ್ತಿತ್ತು. ಅಷ್ಟರಲ್ಲಿ ಜನ ಬರತೊಡಗಿದರು.

ಹೀಗಾಗಿ ಆ ಸಂಜೆ, ಮೈಕು ಕುಂಯ್ ಎನ್ನದ ಸೂಗಪ್ಪ ಇಸ್ತ್ರಿಯ ಬಿಳಿ ಅಂಗಿಯಲ್ಲಿ ವೇದಿಕೆಯ ಮೇಲೆ ನಿಂತು, ಗದ್ದಲವನ್ನು ತನ್ನ ಕೈಯಾರೆ ಹಿಡಿದುಕೊಂಡ. ಮೊದಮೊದಲು ನಾಚಿಕೆಯಿಂದ ನೆಲ ನೋಡುತ್ತಿದ್ದ. ಆಮೇಲೆ ಮಗಳನ್ನು ನೋಡಿದ. ಅವಳು ಕಣ್ಣಲ್ಲಿ ‘ಒತ್ತು’ ಎಂದರೆ ಒತ್ತಿದ, ‘ಬಿಡು’ ಎಂದರೆ ತುಸು ಬಿಟ್ಟ. ಭರತನ ಪೆಟ್ಟು, ನಿಖಿತಾಳ ರೇಡಿಯೊಗಳ ಕೂಗು ಎಲ್ಲ ಅಂಗೈಯಿಂದ ಮೊಣಕೈಗೆ, ಅಲ್ಲಿಂದ ಎದೆಗೆ ಏರಿದವು. ಚೆಂದವೆನಿಸಿತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಮುಗಿಯಬಾರದು ಎಂದು ಮಾತ್ರ ಅನಿಸಿತು.

ಮುಗಿಯಿತು. ಚಪ್ಪಾಳೆಯ ನಡುವೆ ಸ್ನೇಹಲತಾ ಮೈಕಿಗೆ ಬಂದಳು. ರೆಕಾರ್ಡಿಂಗ್ ಇನ್ನೂ ನಡೆಯುತ್ತಿತ್ತು; ಸೂಗಪ್ಪನ ಅಂಗೈ ಇನ್ನೂ ಮುಚ್ಚಳದ ಮೇಲೆಯೇ ಇತ್ತು.

“ಡ್ರಮ್ಮು, ಭರತ. ರೇಡಿಯೊ, ನಿಖಿತಾ. ಗಿಟಾರು, ನಾನು.” ಉಸಿರೆಳೆದುಕೊಂಡಳು. “ಗೊರಗೊರ, ನಮ್ಮಪ್ಪ ಸೂಗಪ್ಪ.”

ಸೂಗಪ್ಪ ನಮಸ್ಕಾರ ಮಾಡಬೇಕಿತ್ತು. ಅದಕ್ಕೆ ಎರಡೂ ಕೈ ಬೇಕು. ಅವನು ಒಂದನ್ನೇ ಎತ್ತಿದ.